ವೆನಿಸ್‌ನಲ್ಲಿ ಒಂದು ವಾರದ ಬೀಗದಕೈ

ರಸ್ತೆಯಿಲ್ಲದ ಊರು. ಬೀದಿಯ ಹೆಸರಿಲ್ಲದ ವಿಳಾಸ. ಬೆಳಗ್ಗೆ ಕರೆಗಂಟೆ ಒತ್ತಿ ಕಸ ಕೇಳುವ ಪೌರಕಾರ್ಮಿಕ. ಹೋಟೆಲ್ ಬಿಟ್ಟು ಮನೆ ಬಾಡಿಗೆಗೆ ಹಿಡಿದವರಿಗೆ ಬೇರೆಯದೇ ವೆನಿಸ್ ಸಿಗುತ್ತದೆ. ಆ ಮನೆಯಲ್ಲಿ ಮೊದಲು ಬಾಳಿದವರು ಎಲ್ಲಿಗೆ ಹೋದರು ಎಂಬ ಪ್ರಶ್ನೆಯೂ ಜೊತೆಗೇ ಸಿಗುತ್ತದೆ.

ಸಾಂತ ಲುಚೀಯ ರೈಲು ನಿಲ್ದಾಣದಿಂದ ಹೊರಬಂದವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಹಿಂದೆ ಬರುವವರು ಅವರಿಗೆ ಢಿಕ್ಕಿ ಹೊಡೆಯುತ್ತಾರೆ, ಸೂಟ್‌ಕೇಸಿಗೆ ಸೂಟ್‌ಕೇಸು ತಾಗುತ್ತದೆ, ಯಾರೂ ಸಿಡುಕುವುದಿಲ್ಲ. ಎದುರಿಗೆ ಅಗಲವಾದ ಮೆಟ್ಟಿಲುಗಳು. ಮೆಟ್ಟಿಲು ಮುಗಿದಲ್ಲಿ ಟ್ಯಾಕ್ಸಿ ಸ್ಟ್ಯಾಂಡ್ ಇರಬೇಕಿತ್ತು. ಅಲ್ಲಿರುವುದು ನೀರು.

ಅದೇ ಗ್ರ್ಯಾಂಡ್ ಕೆನಾಲ್. ಆಚೆ ದಡದಲ್ಲಿ ಹಸಿರು ಗುಮ್ಮಟದ ಚರ್ಚು. ನಡುವೆ ಜನ ತುಂಬಿದ ದೋಣಿ, ತರಕಾರಿ ಹೊತ್ತ ದೋಣಿ, ವಾಷಿಂಗ್ ಮೆಷಿನ್ ಸಾಗಿಸುವ ದೋಣಿ, ಸೈರನ್ ಕೂಗುತ್ತ ಸೀಳಿಕೊಂಡು ಹೋಗುವ ಆಂಬುಲೆನ್ಸ್ ದೋಣಿ.

ಬೆರಗು ಇಳಿದ ಮೇಲೆ ಜೇಬಿನಿಂದ ಮೊಬೈಲ್ ಹೊರಬರುತ್ತದೆ. ಮನೆ ಓನರ್ ಕಳಿಸಿದ ವಿಳಾಸದಲ್ಲಿ ಇರುವುದು ಒಂದು ಹೆಸರು, ಒಂದು ಸಂಖ್ಯೆ. ‘ಕನ್ನರೇಜೊ’, ಅದರ ಪಕ್ಕ ನಾಲ್ಕಂಕಿ. ಕ್ರಾಸ್ ಇಲ್ಲ, ಮೇನ್ ಇಲ್ಲ, ‘ಗಣಪತಿ ದೇವಸ್ಥಾನದ ಹಿಂದೆ’ ಎಂಬಂಥ ಗುರುತೂ ಇಲ್ಲ.

ಏಪ್ರಿಲ್ ಬಂತೆಂದರೆ ಕರ್ನಾಟಕದಲ್ಲಿ ಶಾಲೆಗಳಿಗೆ ರಜೆ. ವೆನಿಸ್‌ನಲ್ಲಿ ಅದು ಜಾತ್ರೆಯ ಶುರು. ಕುಟುಂಬ ಸಮೇತ ಯುರೋಪ್ ಸುತ್ತಲು ಹೊರಟವರು, ಅದರಲ್ಲೂ ಸಸ್ಯಾಹಾರಿಗಳು, ಹೋಟೆಲ್ ಕೋಣೆಗಿಂತ ಅಡುಗೆಮನೆ ಇರುವ ಫ್ಲ್ಯಾಟ್ ವಾಸಿ ಎಂದುಕೊಳ್ಳುತ್ತಾರೆ. ಮಕ್ಕಳಿಗೆ ಮೊಸರನ್ನ ಕಲಸಬಹುದು, ಒಗೆದ ಬಟ್ಟೆ ಹರವಬಹುದು, ಅಜ್ಜ ಅಜ್ಜಿ ಮಧ್ಯಾಹ್ನ ಒಂದು ಗಳಿಗೆ ಕಾಲು ಚಾಚಬಹುದು. ಲೆಕ್ಕಾಚಾರ ಸರಿಯಾಗಿಯೇ ಇದೆ. ಆದರೆ ವೆನಿಸ್‌ನಲ್ಲಿ ಮನೆ ಹಿಡಿಯುವುದೆಂದರೆ ದೊಡ್ಡ ಕೋಣೆ ಹಿಡಿದಂತಲ್ಲ. ಏಳು ದಿನದ ಮಟ್ಟಿಗೆ ಆ ಊರಿನ ಒಕ್ಕಲಾಗಬೇಕು.

ಮೊದಲ ಪರೀಕ್ಷೆ ವಿಳಾಸದ್ದು. ವೆನಿಸ್ ಆರು ಭಾಗಗಳಾಗಿ ಹಂಚಿಹೋಗಿದೆ. ಒಂದೊಂದನ್ನೂ ಸೆಸ್ತಿಯೇರೆ ಎನ್ನುತ್ತಾರೆ, ಅಂದರೆ ಆರನೆಯ ಒಂದು ಪಾಲು: ಕನ್ನರೇಜೊ, ಕಸ್ತೆಲ್ಲೊ, ಸಾನ್ ಮಾರ್ಕೊ, ದೊರ್ಸೊದೂರೊ, ಸಾನ್ ಪೋಲೊ, ಸಾಂತ ಕ್ರೋಚೆ. ಮನೆ ಸಂಖ್ಯೆ ಬೀದಿಗೊಮ್ಮೆ ಒಂದರಿಂದ ಶುರುವಾಗುವುದಿಲ್ಲ. ಇಡೀ ಸೆಸ್ತಿಯೇರೆಗೆ ಒಂದೇ ಎಣಿಕೆ. ಗಲ್ಲಿ ಸುತ್ತಿ, ಅಂಗಳ ಹೊಕ್ಕು, ಸೇತುವೆ ದಾಟಿ ಆ ಎಣಿಕೆ ಮುಂದುವರಿಯುತ್ತ ಹೋಗುತ್ತದೆ. ಸಾನ್ ಮಾರ್ಕೊದಲ್ಲಿ ಅದು 5,500 ದಾಟುತ್ತದೆ, ಕಸ್ತೆಲ್ಲೊದಲ್ಲಿ 6,800ನ್ನೂ ದಾಟುತ್ತದೆ. ಹೀಗಾಗಿ ಅಕ್ಕಪಕ್ಕದ ಎರಡು ಬಾಗಿಲುಗಳ ನಡುವೆ ನೂರಾರು ಸಂಖ್ಯೆಗಳ ಅಂತರ ಇರುವುದುಂಟು.

ಇಕ್ಕಟ್ಟಾದ ಗಲ್ಲಿಗಳಲ್ಲಿ ಮೊಬೈಲಿನ ನೀಲಿ ಚುಕ್ಕೆ ಕಾಲುವೆಯ ಆಚೆ ದಂಡೆಗೆ ಹಾರಿ ಕೂರುತ್ತದೆ. ಅದನ್ನು ನಂಬಿ ನಡೆದವರು ಸೇತುವೆಯಿಲ್ಲದ ನೀರಿನಂಚಿಗೆ ಬಂದು ನಿಲ್ಲುತ್ತಾರೆ. ಹಾಗಾಗಿ ಮನೆ ಕೊಡುವವರಿಂದ ಮೂರು ವಿಷಯ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು: ಗಲ್ಲಿಯ ಹೆಸರು, ಹತ್ತಿರದ ವಪೊರೆತ್ತೊ (ಸಾರಿಗೆ ದೋಣಿ) ನಿಲ್ದಾಣ, ಅಲ್ಲಿಂದ ಮನೆಗೆ ದಾಟಬೇಕಾದ ಸೇತುವೆಗಳು ಎಷ್ಟು ಎಂಬುದು. ಮೂರನೆಯದು ತೀರಾ ಮುಖ್ಯ. ನಗರದಲ್ಲಿ ನಾನ್ನೂರಕ್ಕೂ ಹೆಚ್ಚು ಸೇತುವೆಗಳಿವೆ. ಹೆಚ್ಚಿನವು ಮೆಟ್ಟಿಲು ಹತ್ತಿ ಇಳಿಯುವಂಥವು. ಇಪ್ಪತ್ತಮೂರು ಕಿಲೊ ಸೂಟ್‌ಕೇಸನ್ನು ಎತ್ತಿಕೊಂಡು ಐದು ಸೇತುವೆ ದಾಟಿದವರಿಗೆ ಆರನೆಯದನ್ನು ನೋಡುವಾಗ ಅಳುವೇ ಬರುತ್ತದೆ.

ಆ ಸೂಟ್‌ಕೇಸಿನ ಗಾಲಿಗಳ ಸದ್ದು ಊರಿನವರ ನಿದ್ದೆಯನ್ನೂ ಕೆಡಿಸುತ್ತದೆ. ಕಲ್ಲುಹಾಸಿನ ಮೇಲೆ ಬೆಳಗಿನ ಐದಕ್ಕೆ ಗಡಗಡ ಉರುಳುವ ಗಾಲಿ, ಎರಡೂ ಕಡೆ ಎತ್ತರದ ಗೋಡೆ. ಸದ್ದು ನೇರವಾಗಿ ಮಲಗುವ ಕೋಣೆಯ ಕಿಟಕಿಗೆ. 2014ರಲ್ಲಿ ಗಟ್ಟಿ ಗಾಲಿಯ ಸೂಟ್‌ಕೇಸಿಗೆ ನಿಷೇಧ ಹೇರುವ ಪ್ರಸ್ತಾವ ಬಂದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಅದು ಜಾರಿಯಾಗಲಿಲ್ಲ. ಆದರೂ ರಾತ್ರಿ ಗಲ್ಲಿ ಹೊಕ್ಕಾಗ ಪೆಟ್ಟಿಗೆಯನ್ನು ಎತ್ತಿಕೊಂಡು ನಡೆದರೆ ನೆರೆಯವರು ಮರುದಿನ ಮುಖ ನೋಡಿ ‘ಬೊಂಜೋರ್ನೊ’ ಅನ್ನುತ್ತಾರೆ.

ಗಲ್ಲಿಯ ನಿಘಂಟು
*ಕಾಲ್ಲೆ:* ಗಲ್ಲಿ. *ಕಾಂಪೊ:* ಚೌಕ, ಪದದ ಅರ್ಥ ‘ಹೊಲ’. *ಪಿಯಾತ್ಸ:* ಈ ಪದವಿ ಸಾನ್ ಮಾರ್ಕೊ ಚೌಕಕ್ಕೆ ಮಾತ್ರ. *ರಿಯೊ:* ಚಿಕ್ಕ ಕಾಲುವೆ. *ರಿಯೊ ತೆರಾ:* ಮಣ್ಣು ತುಂಬಿ ದಾರಿ ಮಾಡಿದ ಕಾಲುವೆ. *ಫೊಂದಮೆಂತ:* ಕಾಲುವೆಯ ದಂಡೆಯ ದಾರಿ. *ಸೊತೊಪೋರ್ತೆಗೊ:* ಮನೆಯ ಅಡಿಯಲ್ಲೇ ನುಸುಳುವ ಓಣಿ. *ನಿತ್ಸಿಯೊಲೇತಿ:* ಗೋಡೆಗೆ ಬಿಳಿ ಸುಣ್ಣ ಬಳಿದು ಕಪ್ಪು ಅಕ್ಷರದಲ್ಲಿ ಬರೆದ ಬೀದಿ ಫಲಕ. ಪದದ ಅರ್ಥ ‘ಪುಟ್ಟ ಬೆಡ್‌ಶೀಟು’.

ವೆನಿಸ್‌ಗೆ ಬಂದು ಬಾಡಿಗೆಗೆ ಇಳಿದುಕೊಳ್ಳುವುದು ಮೊಬೈಲ್ ಆ್ಯಪ್‌ಗಳು ಕಲಿಸಿದ ಚಾಳಿಯಲ್ಲ. 1881ರ ವಸಂತದಲ್ಲಿ ಅಮೆರಿಕದ ಕಾದಂಬರಿಕಾರ ಹೆನ್ರಿ ಜೇಮ್ಸ್ ರೀವ ದೆಲ್ಯಿ ಸ್ಕ್ಯಾವೋನಿ ದಂಡೆಯ 4161ನೇ ಸಂಖ್ಯೆಯ ಮನೆಯಲ್ಲಿ ಕೋಣೆ ಹಿಡಿದು, ಮೇಲಿನ ಮಹಡಿಯಲ್ಲಿ ಕೂತು ‘ದ ಪೋರ್ಟ್ರೇಟ್ ಆಫ್ ಎ ಲೇಡಿ’ ಕಾದಂಬರಿಯ ಕೆಲಸ ಮುಂದುವರಿಸಿದ. ಅವನಿಗೂ ಅದೇ ನಾಲ್ಕಂಕಿಯ ವಿಳಾಸ. ಅವನಿಗಿಂತ ಆರು ದಶಕ ಮೊದಲು, 1818ರಲ್ಲಿ, ಕವಿ ಬೈರನ್ ಗ್ರ್ಯಾಂಡ್ ಕೆನಾಲ್ ಮೇಲಿನ ಮೊಚೆನೀಗೊ ಅರಮನೆಯನ್ನು ಬಾಡಿಗೆಗೆ ಪಡೆದು, ಆಳುಕಾಳು, ನಾಯಿ, ಕೋತಿಗಳ ಸಮೇತ ಸಂಸಾರ ಹೂಡಿದ. ಸಂಗೀತಗಾರ ವಾಗ್ನರ್ 1882ರ ಸೆಪ್ಟೆಂಬರ್‌ನಲ್ಲಿ ವೆಂದ್ರಮಿನ್ ಕಲೆರ್ಜಿ ಅರಮನೆಯ ನಡುಮಹಡಿಯನ್ನು ಬಾಡಿಗೆಗೆ ಹಿಡಿದ. 1883ರ ಫೆಬ್ರುವರಿ 13ರಂದು ಅದೇ ಬಾಡಿಗೆ ಮನೆಯಲ್ಲಿ ಕೊನೆಯುಸಿರೆಳೆದ.

ಇವರೆಲ್ಲ ಹಣವುಳ್ಳವರು, ಬಯಸಿ ಬಂದವರು. ವೆನಿಸ್‌ನ ಬಾಡಿಗೆಯ ಕಥೆಗೆ ಇನ್ನೊಂದು ಮುಖವಿದೆ.

ವೆನಿಸ್ ಗಣರಾಜ್ಯ ಪರಊರಿನವರನ್ನು ಮನಸ್ಸಿಗೆ ಬಂದಲ್ಲಿ ಉಳಿಯಲು ಬಿಡುತ್ತಿರಲಿಲ್ಲ. 13ನೇ ಶತಮಾನದಲ್ಲೇ ಜರ್ಮನ್ ವರ್ತಕರಿಗೆ ರಿಯಾಲ್ತೊ ಸೇತುವೆಯ ಬುಡದಲ್ಲಿ ಒಂದು ವಸತಿಗೃಹ ಕಟ್ಟಿಕೊಟ್ಟಿತ್ತು. ಅವರು ಅಲ್ಲೇ ಮಲಗಬೇಕು, ಸರಕನ್ನು ಅಲ್ಲೇ ಇಡಬೇಕು, ವ್ಯಾಪಾರವನ್ನೆಲ್ಲ ಸರ್ಕಾರಿ ಅಧಿಕಾರಿಯ ಕಣ್ಣೆದುರೇ ಮಾಡಬೇಕು. ಬೆಂಕಿಗೆ ಆಹುತಿಯಾಗಿ 16ನೇ ಶತಮಾನದ ಮೊದಲ ದಶಕದಲ್ಲಿ ಮತ್ತೆ ಎದ್ದ ಆ ಕಟ್ಟಡ ಈಗಲೂ ಅಲ್ಲೇ ನಿಂತಿದೆ. ಮುಂದೆ, 1621ರಲ್ಲಿ, ತುರ್ಕಿ ವರ್ತಕರಿಗೂ ಇಂಥದೇ ಪ್ರತ್ಯೇಕ ಮನೆ ಗೊತ್ತುಮಾಡಲಾಯಿತು.

ಎಲ್ಲಕ್ಕಿಂತ ಕಠಿಣ ಬಾಡಿಗೆ ಯಹೂದಿಗಳದ್ದು. 1516ರ ಮಾರ್ಚ್ 29ರಂದು ಸೆನೆಟ್ ಹೊರಡಿಸಿದ ಆಜ್ಞೆಯಂತೆ ಅವರೆಲ್ಲ ಕನ್ನರೇಜೊದ ಒಂದು ಪುಟ್ಟ ದ್ವೀಪಕ್ಕೆ ಹೋಗಬೇಕಾಯಿತು. ಅಲ್ಲಿ ಹಿಂದೆ ಲೋಹ ಎರಕ ಹೊಯ್ಯುವ ಕೆಲಸ ನಡೆಯುತ್ತಿತ್ತು. ಎರಕಕ್ಕೆ ವೆನಿಸ್ ಮಾತಿನಲ್ಲಿ ‘ಜೇತೊ’. ‘ಘೆಟ್ಟೊ’ ಎಂಬ ಪದ ಜಗತ್ತಿಗೆ ಬಂದಿದ್ದು ಅಲ್ಲಿಂದ. ರಾತ್ರಿ ದ್ವಾರ ಮುಚ್ಚುತ್ತಿದ್ದರು. ಯಹೂದಿಗಳು ಮನೆ ಕೊಳ್ಳುವಂತಿರಲಿಲ್ಲ, ಬಾಡಿಗೆಗೆ ಮಾತ್ರ ಇರಬಹುದಿತ್ತು. ಅದೂ ಹಿಂದಿನ ಬಾಡಿಗೆದಾರರು ಕೊಡುತ್ತಿದ್ದುದಕ್ಕಿಂತ ಮೂರನೇ ಒಂದು ಪಾಲು ಹೆಚ್ಚಿಗೆ ತೆತ್ತು. ಜನ ಹೆಚ್ಚಿದರು, ದ್ವೀಪ ಬೆಳೆಯಲಿಲ್ಲ. ಮನೆಗಳು ಮೇಲಕ್ಕೆ ಬೆಳೆದವು: ತಲೆ ತಾಗುವಷ್ಟು ತಗ್ಗು ಚಾವಣಿ, ಏಳು ಎಂಟು ಮಹಡಿ. ಈಗ ಆ ಕಾಂಪೊದಲ್ಲಿ ನಿಂತು ಕತ್ತೆತ್ತಿ ಕಿಟಕಿಗಳ ಸಾಲು ಎಣಿಸಿದರೆ ಲೆಕ್ಕ ಸಿಗುತ್ತದೆ. ಬಾಡಿಗೆಯ ಹಕ್ಕನ್ನೇ ಅವರು ಆಸ್ತಿಯಂತೆ ತಂದೆಯಿಂದ ಮಗನಿಗೆ ಕೊಟ್ಟರು, ಮಗಳ ಮದುವೆಯಲ್ಲಿ ಬಳುವಳಿಯಾಗಿಯೂ ಕೊಟ್ಟರು. 1797ರಲ್ಲಿ ನೆಪೋಲಿಯನ್ನನ ಸೇನೆ ಬಂದ ಮೇಲೆಯೇ ಆ ದ್ವಾರಗಳು ಮುರಿದುಬಿದ್ದದ್ದು.

ಬಾಡಿಗೆ ಮನೆ ಹೊಕ್ಕವರು ಬಂದ ದಿನವೇ ಪಾಸ್‌ಪೋರ್ಟ್ ತೋರಿಸುವಾಗ ಈ ಹಳೆಯ ನೆನಪು ಮೂಡುತ್ತದೆ. ಇಟಲಿಯಲ್ಲಿ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. 1931ರ ಕಾನೂನಿನಿಂದ ಬಂದ ಈ ಕರ್ತವ್ಯವನ್ನು ಈಗ ಪೊಲೀಸರ ಜಾಲತಾಣದ ಮೂಲಕ ಪೂರೈಸುತ್ತಾರೆ. ಒಂದು ರಾತ್ರಿ ಉಳಿದರೂ ಸರಿ, ಮಡಿಲ ಕೂಸಾದರೂ ಸರಿ, ಎಲ್ಲರ ವಿವರವೂ ಬೇಕು. ಓನರ್ ಪಾಸ್‌ಪೋರ್ಟ್ ಕೇಳಿದರೆ ಅನುಮಾನ ಪಡಬೇಕಿಲ್ಲ. ಕೇಳದಿದ್ದರೆ ಅನುಮಾನ ಪಡಬೇಕು.

ಬೀಗದಕೈ ಕೈಗೆ ಬಂತು, ಬಾಗಿಲು ತೆರೆಯಿತು. ಮುಂದೆ ಮೆಟ್ಟಿಲು. ವೆನಿಸ್‌ನ ಹಳೆಯ ಮನೆಗಳಲ್ಲಿ ಲಿಫ್ಟ್ ಅಪರೂಪ. ಮಂಡಿನೋವಿನವರು ಜೊತೆಗಿದ್ದರೆ ಜಾಹೀರಾತಿನಲ್ಲಿ ‘ಅಷೆನ್ಸೋರೆ’ ಎಂಬ ಪದ ಇದೆಯೇ ಎಂದು ಹುಡುಕಬೇಕು. ಹಾಗೆಂದು ನೆಲಮಹಡಿ ಹುಡುಕಿಕೊಂಡು ಹೋಗುವ ಮುನ್ನ ಎರಡು ಸಲ ಯೋಚಿಸಬೇಕು. ಈ ಊರಿನವರು ಹಿಂದಿನಿಂದಲೂ ನೆಲಮಹಡಿಯನ್ನು ಸರಕಿಗೂ ದೋಣಿಗೂ ಬಿಟ್ಟು, ತಾವು ಮೇಲೆ ವಾಸಿಸಿದರು. ಕಾರಣ ನೀರು. 1966ರ ನವೆಂಬರ್ 4ರಂದು ಉಬ್ಬರ 194 ಸೆಂಟಿಮೀಟರ್ ಏರಿ ನಗರವನ್ನು ಮುಳುಗಿಸಿತು. 2019ರ ನವೆಂಬರ್ 12ರಂದು ಮತ್ತೆ 187 ಸೆಂಟಿಮೀಟರ್. ಇದಕ್ಕೆ ಅವರ ಮಾತಿನಲ್ಲಿ ‘ಆಕ್ವ ಆಲ್ತ’, ಎತ್ತರದ ನೀರು.

2020ರ ಅಕ್ಟೋಬರ್ 3ರಂದು ಮೊದಲ ಸಲ ಕೆಲಸಕ್ಕೆ ಬಂದ ಮೊಝೆ ತಡೆಗೋಡೆ ಈಗ ದೊಡ್ಡ ಉಬ್ಬರಗಳನ್ನು ತಡೆಯುತ್ತದೆ. ಸಮುದ್ರ ಊರ ಸುತ್ತಲಿನ ಹಿನ್ನೀರಾದ ಲಗೂನ್‌ಗೆ ಹೊಗುವ ಮೂರು ಬಾಯಿಗಳಲ್ಲಿ 78 ಉಕ್ಕಿನ ಬಾಗಿಲುಗಳು ತಳದಲ್ಲಿ ಮಲಗಿರುತ್ತವೆ. ಬೇಕಾದಾಗ ಗಾಳಿ ತುಂಬಿ ನೀರು ಹೊರದೂಡಿದರೆ ಮೇಲೇಳುತ್ತವೆ. ಆದರೆ ಸಣ್ಣ ಉಬ್ಬರಗಳಿಗೆಲ್ಲ ಅವನ್ನು ಎತ್ತುವುದಿಲ್ಲ. ಶರತ್ಕಾಲ, ಚಳಿಗಾಲದಲ್ಲಿ ಹೋಗುವವರು ತಗ್ಗಿನ ಗಲ್ಲಿಗಳಲ್ಲಿ ಪಾದ ಒದ್ದೆ ಮಾಡಿಕೊಳ್ಳಲು ತಯಾರಿರಬೇಕು. ಒಳ್ಳೆಯ ಓನರ್‌ಗಳು ಬಾಗಿಲ ಹಿಂದೆ ಮಂಡಿಯುದ್ದದ ರಬ್ಬರ್ ಬೂಟು ಇಟ್ಟಿರುತ್ತಾರೆ.

ಒಳಗೆ ಕಾಲಿಟ್ಟ ಮೇಲೆ ಕನ್ನಡದ ಗೃಹಿಣಿಗೆ ಮೊದಲು ಇಷ್ಟವಾಗುವುದು ಸಿಂಕ್ ಮೇಲಿನ ಕಪಾಟು. ಅದಕ್ಕೆ ತಳವೇ ಇಲ್ಲ. ತೊಳೆದ ತಟ್ಟೆಯನ್ನು ಒಳಗಿನ ಕಂಬಿಗಳ ನಡುವೆ ನಿಲ್ಲಿಸಿ ಕದ ಮುಚ್ಚಿದರೆ ನೀರು ನೇರವಾಗಿ ಸಿಂಕಿಗೆ ಇಳಿಯುತ್ತದೆ, ಒರೆಸುವ ಕೆಲಸವಿಲ್ಲ. ಎರಡನೆಯದು ಬಚ್ಚಲಿನ ಬಿಡೆ, ಅಂದರೆ ನೀರಿನಿಂದ ಶುಚಿಮಾಡಿಕೊಳ್ಳುವ ತೊಟ್ಟಿ. ಯುರೋಪಿನ ಉಳಿದೆಡೆ ಕಾಗದವೇ ಗತಿ ಎಂದು ಅಳುಕಿ ಹೋದವರಿಗೆ ಇಟಲಿ ನಿರಾಳ. ಪ್ರತಿ ಮನೆಯ ಕನಿಷ್ಠ ಒಂದು ಬಚ್ಚಲಲ್ಲಿ ಬಿಡೆ ಇರಲೇಬೇಕೆಂದು 1975ರಿಂದ ಅಲ್ಲಿ ನಿಯಮವೇ ಇದೆ. ಮೂರನೆಯದು ಒಲೆಯ ಮೇಲಿನ ಎಂಟುಮುಖದ ಮೋಕ ಪಾತ್ರೆ. 1933ರಲ್ಲಿ ಅಲ್ಫೊನ್ಸೊ ಬಿಯಲೆತ್ತಿ ತಯಾರಿಸಿದ ಈ ಪಾತ್ರೆ ಇಟಲಿಯ ಅಡುಗೆಮನೆಗಳನ್ನು ಗೆದ್ದುಬಿಟ್ಟಿತು. ನಮ್ಮ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಕೆಳಗಿಳಿಯುತ್ತದೆ. ಮೋಕದಲ್ಲಿ ಕುದಿನೀರಿನ ಒತ್ತಡಕ್ಕೆ ಅದು ಮೇಲೇರುತ್ತದೆ. ಹಾಲು ಬಿಸಿಮಾಡಿ ಬೆರೆಸಿದರೆ ಮಲೆನಾಡಿನವರೂ ಮೆಚ್ಚುವ ಕಾಫಿ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಇಟಲಿಯ ಸಾಮಾನ್ಯ ಮನೆಯ ಸಂಪರ್ಕ 3 ಕಿಲೊವ್ಯಾಟ್‌ನದು. ವಾಷಿಂಗ್ ಮೆಷಿನ್ ತಿರುಗುತ್ತಿರುವಾಗಲೇ ಓವನ್ ಹಚ್ಚಿ, ಇಸ್ತ್ರಿ ಪೆಟ್ಟಿಗೆಯನ್ನೂ ಚುಚ್ಚಿದರೆ ಇಡೀ ಮನೆ ಕತ್ತಲಾಗುತ್ತದೆ. ಮೀಟರ್ ಪೆಟ್ಟಿಗೆ ಕೆಲವೊಮ್ಮೆ ನಾಲ್ಕು ಮಹಡಿ ಕೆಳಗೆ ಬೀದಿಬಾಗಿಲ ಪಕ್ಕ ಇರುತ್ತದೆ. ಬಂದ ದಿನವೇ ಅದರ ಜಾಗ ಕೇಳಿಟ್ಟುಕೊಂಡವರು ಜಾಣರು. ಗೋಡೆಯ ಸಾಕೆಟ್ಟಿನಲ್ಲಿ ಮೂರು ತೂತು ಒಂದೇ ಸಾಲಿನಲ್ಲಿರುತ್ತವೆ. ಊರಿನಿಂದ ಒಯ್ದ ಮೂರು ದಪ್ಪ ಕಡ್ಡಿಯ ಪ್ಲಗ್ ಅದಕ್ಕೆ ಹೋಗದು.

ಚಳಿಗೂ ಕಾನೂನಿದೆ. ವೆನಿಸ್ ಇರುವ ಹವಾಮಾನ ವಲಯದಲ್ಲಿ ಮನೆ ಬೆಚ್ಚಗಿಡುವ ಯಂತ್ರ ಹಚ್ಚುವುದು ಸಾಮಾನ್ಯವಾಗಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ ಮಾತ್ರ. ಏಪ್ರಿಲ್ ಕೊನೆಗೆ ಹೋದವರು ರೇಡಿಯೇಟರ್ ತಣ್ಣಗಿದೆಯೆಂದು ದೂರಿದರೆ ಪ್ರಯೋಜನವಿಲ್ಲ. ಹಿರಿಯರಿಗೊಂದು ಸ್ವೆಟರ್ ಒಯ್ಯಬೇಕು.

ನಲ್ಲಿ ನೀರು ಕುಡಿಯಲು ಯೋಗ್ಯ. ಆದರೆ ಸುತ್ತ ಉಪ್ಪುನೀರಿರುವ ಈ ಊರಿಗೆ ಕೊಳವೆ ನೀರು ಬಂದದ್ದು 1884ರಲ್ಲಿ. ಅಲ್ಲಿಯವರೆಗೆ ಮಳೆನೀರೇ ಮುಖ್ಯ ಆಧಾರ. ಹೆಚ್ಚಿನ ಕಾಂಪೊಗಳ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ ಕಾಣುತ್ತದೆ. ಅದು ನೆಲದಿಂದ ನೀರು ಜಿನುಗುವ ಬಾವಿಯಲ್ಲ. ಅಂಗಳದ ಕೆಳಗೆ ಜೇಡಿಮಣ್ಣಿನ ತೊಟ್ಟಿ ಕಟ್ಟಿ, ಮರಳು ತುಂಬಿ, ಸುತ್ತ ಬಿದ್ದ ಮಳೆಯನ್ನು ಅದರಲ್ಲಿ ಸೋಸಿ ಕೂಡಿಡುವ ವ್ಯವಸ್ಥೆ. ಮಳೆಕೊಯ್ಲಿನ ಮಾತಾಡುವ ನಮ್ಮವರು ಆ ಕಟ್ಟೆಗಳ ಮುಂದೆ ಒಂದು ನಿಮಿಷ ನಿಲ್ಲಲೇಬೇಕು.

ಅಡುಗೆಮನೆ ಇದ್ದ ಮೇಲೆ ಸಂತೆಗೆ ಹೋಗಬೇಕು. ರಿಯಾಲ್ತೊ ಮಾರುಕಟ್ಟೆ ಬೆಳಗ್ಗೆಯೇ ಚೆಂದ. ಮೀನಿನ ಕಟ್ಟೆಯ ಬಳಿ ಗೋಡೆಗೆ ಒಂದು ಹಳೆಯ ಕಲ್ಲುಫಲಕವಿದೆ: ಯಾವ ಮೀನು ಎಷ್ಟು ಉದ್ದ ಬೆಳೆದ ಮೇಲೆ ಮಾರಬಹುದು ಎಂಬ ಪಟ್ಟಿ. ಮೀನು ತಿನ್ನದವರಿಗೂ ಓದಲು ಯೋಗ್ಯ. ದೊರ್ಸೊದೂರೊದ ಸಾನ್ ಬರ್ನಬ ಬಳಿ ಕಾಲುವೆಯಲ್ಲಿ ಕಟ್ಟಿಹಾಕಿದ ದೋಣಿಯೊಂದು ತರಕಾರಿ ಅಂಗಡಿಯಾಗಿದೆ. ಏಪ್ರಿಲ್ ಕೊನೆಯಲ್ಲಿ ಸಾಂತ್ ಎರಾಸ್ಮೊ ದ್ವೀಪದಿಂದ ನೇರಳೆ ಬಣ್ಣದ ಆರ್ಟಿಚೋಕ್ ಬರುತ್ತದೆ. ಗಿಡದ ಮೊದಲ ಮೊಗ್ಗುಗಳಿಗೆ ‘ಕಸ್ತ್ರಾವುರೆ’ ಎಂದು ಹೆಸರು. ಕೆಲವೇ ವಾರ ಸಿಗುವ ಈ ಮೊಗ್ಗಿಗೆ ಊರಿನವರು ನಾವು ಮೊದಲ ಮಾವಿಗೆ ಕಾಯುವಂತೆ ಕಾಯುತ್ತಾರೆ.

ಏಪ್ರಿಲ್ 25 ನಗರದ ಕಾವಲು ಸಂತ ಮಾರ್ಕನ ಹಬ್ಬ. ಹಿಂದೆ ಆ ದಿನ ಗಣರಾಜ್ಯದ ಮುಖ್ಯಸ್ಥ ಡೋಜೆಗೆ ಬಡಿಸುತ್ತಿದ್ದ ಅಡುಗೆ ‘ರೀಸಿ ಎ ಬೀಸಿ’. ಕನ್ನಡದ ಕಿವಿಗೆ ಬಿಸಿ ಅನ್ನದಂತೆ ಕೇಳಿಸುವ ಇದರಲ್ಲಿ ‘ರೀಸಿ’ ಎಂದರೆ ಅಕ್ಕಿ, ‘ಬೀಸಿ’ ಎಂದರೆ ಹಸಿ ಬಟಾಣಿ. ಹೋಟೆಲಿನದಕ್ಕೆ ಹಂದಿಮಾಂಸದ ಚೂರು ಬೀಳುವುದುಂಟು. ಬಾಡಿಗೆ ಮನೆಯ ಒಲೆಯ ಮೇಲೆ ಅದನ್ನು ಬಿಟ್ಟು ಮಾಡಬಹುದು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಇನ್ನೊಂದು ವಿಷಯ ತಿಳಿದಿರಬೇಕು. ಪಾರ್ಮಿಜಾನೊ ಚೀಸ್‌ಗೆ ಹೆಪ್ಪು ಹಾಕುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ.

ಬುಕ್ ಮಾಡುವ ಮುನ್ನ
2025ರ ಜನವರಿ 1ರಿಂದ ಇಟಲಿಯ ಪ್ರತಿ ಪ್ರವಾಸಿ ಬಾಡಿಗೆ ಮನೆಗೆ ರಾಷ್ಟ್ರೀಯ ಗುರುತು ಸಂಕೇತ ಕಡ್ಡಾಯ, ಚಿಕ್ಕದಾಗಿ ‘ಚಿನ್’. ಜಾಹೀರಾತಿನಲ್ಲೂ ಕಟ್ಟಡದ ಹೊರಗೂ ಅದು ಕಾಣಬೇಕು. ಸಂಕೇತವಿಲ್ಲದೆ ಮನೆ ಕೊಟ್ಟವರಿಗೆ 800ರಿಂದ 8,000 ಯೂರೊ ದಂಡ.
ಗ್ಯಾಸ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸೋರಿಕೆ ತಿಳಿಸುವ ಉಪಕರಣ, ಬೆಂಕಿ ನಂದಿಸುವ ಸಾಧನ ಮನೆಯಲ್ಲಿ ಇರಬೇಕು.
ವೆನಿಸ್‌ನಲ್ಲಿ ತಂಗುವ ತೆರಿಗೆ ಮೊದಲ ಐದು ರಾತ್ರಿಗೆ. ಹತ್ತು ವರ್ಷದೊಳಗಿನ ಮಕ್ಕಳಿಗಿಲ್ಲ.
ಜನದಟ್ಟಣೆಯ ದಿನಗಳಲ್ಲಿ ಹಗಲಿಗೆ ಬಂದು ಹೋಗುವವರಿಗೆ ಪ್ರವೇಶ ಶುಲ್ಕ: 2024ರಲ್ಲಿ 29 ದಿನ, ತಲೆಗೆ 5 ಯೂರೊ, 2025ರಲ್ಲಿ 54 ದಿನ, ಕೊನೆಗಳಿಗೆಯಲ್ಲಿ ಕಟ್ಟಿದರೆ 10 ಯೂರೊ. ನಗರದಲ್ಲಿ ರಾತ್ರಿ ತಂಗುವವರಿಗೆ ವಿನಾಯಿತಿ ಇದೆ. ಆದರೆ ಅದರ ಸಂಕೇತವನ್ನು ಮುಂಚೆಯೇ ಪಡೆದಿರಬೇಕು.

ಎರಡನೆಯ ಬೆಳಗ್ಗೆ ಗಂಟೆ ಬಾರಿಸುತ್ತದೆ. ಬಾಗಿಲಲ್ಲಿ ಪೌರಕಾರ್ಮಿಕ, ಕಸಕ್ಕೆ ಬಂದಿರುತ್ತಾನೆ. ವೆನಿಸ್‌ನಲ್ಲಿ ಬೀದಿಬದಿಯ ತೊಟ್ಟಿಗೆ ಮನೆಯ ಕಸ ಸುರಿಯುವಂತಿಲ್ಲ, ಚೀಲವನ್ನು ಹೊಸ್ತಿಲಾಚೆ ಇಡುವಂತೆಯೂ ಇಲ್ಲ. ಇಟ್ಟರೆ ಇಲಿಗೂ ಕಡಲಕ್ಕಿಗೂ ಹಬ್ಬ, ಇಟ್ಟವರಿಗೆ ದಂಡ. ಬೆಳಗ್ಗೆ ಬೇಗ ಎದ್ದು ಕಾಲುವೆಯಂಚಿಗೆ ಬರುವ ಕಸದ ದೋಣಿಗೆ ತಾವೇ ಕೊಡಬೇಕು, ಇಲ್ಲವೇ ಗಂಟೆ ಬಾರಿಸಿದಾಗ ಕೈಗೆ ಕೊಡಬೇಕು. ಕಾಗದಕ್ಕೊಂದು ದಿನ, ಗಾಜು ಪ್ಲಾಸ್ಟಿಕ್ಕಿಗೆ ಇನ್ನೊಂದು. ಭಾನುವಾರ ಇಲ್ಲ. ಪೌರಕಾರ್ಮಿಕ ಆ ಚೀಲಗಳನ್ನು ಕೈಗಾಡಿಗೆ ತುಂಬಿ, ಸೇತುವೆಯ ಮೆಟ್ಟಿಲ ಮೇಲೆ ಎಳೆದು ಇಳಿಸಿ ದೋಣಿ ಮುಟ್ಟಿಸುತ್ತಾನೆ.

ಈ ಊರಿನಲ್ಲಿ ಏನೇ ಬರಲಿ, ಏನೇ ಹೋಗಲಿ, ಒಬ್ಬರ ತೋಳಿನ ಬಲದಿಂದಲೇ ಸಾಗಬೇಕು. ಮನೆಯಲ್ಲಿ ಬಳಸುವ ಬೆಡ್‌ಶೀಟಿನ ಗಂಟು, ಕುಡಿದ ನೀರಿನ ಬಾಟಲಿ, ಒಂದು ಮೂಟೆ ಅಕ್ಕಿ, ಎಲ್ಲವೂ ದೋಣಿ ಇಳಿದು ಕೈಗಾಡಿ ಏರಿ ಬಂದವು. ಹೋಟೆಲಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಬಾಡಿಗೆ ಮನೆಯಲ್ಲಿ ಬೀಳುತ್ತದೆ. ಮನೆ ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಆದರೆ ಬೆಳಗ್ಗೆ ಎಷ್ಟು ಬಾಗಿಲುಗಳ ಗಂಟೆಗೆ ಉತ್ತರ ಬರುತ್ತದೆ?

ರಿಯಾಲ್ತೊ ಸೇತುವೆಯ ಹತ್ತಿರ, ಸಾನ್ ಬರ್ತೊಲೊಮೆಯೊ ಕಾಂಪೊದಲ್ಲಿ, ಮೊರೆಲ್ಲಿ ಎಂಬ ಹಳೆಯ ಔಷಧದಂಗಡಿ ಇದೆ. ಅದರ ಗಾಜಿನ ಕಿಟಕಿಯಲ್ಲಿ 2008ರಿಂದ ಒಂದು ಅಂಕಿಫಲಕ ಉರಿಯುತ್ತಿದೆ. ದ್ವೀಪನಗರದಲ್ಲಿ ಉಳಿದಿರುವ ಜನರ ಲೆಕ್ಕ ಅದು. 1951ರಲ್ಲಿ ಈ ಲೆಕ್ಕ ಸುಮಾರು 1,75,000 ಇತ್ತು. 2009ರಲ್ಲಿ 60,000ಕ್ಕಿಂತ ಕೆಳಗಿಳಿದಾಗ ನಾಗರಿಕರು ಗುಲಾಬಿ ಬಣ್ಣದ ಶವಪೆಟ್ಟಿಗೆಯನ್ನು ದೋಣಿಯಲ್ಲಿಟ್ಟು ಗ್ರ್ಯಾಂಡ್ ಕೆನಾಲ್ ತುಂಬ ಮೆರವಣಿಗೆ ಮಾಡಿ, ತಮ್ಮ ಊರಿನ ಶವಸಂಸ್ಕಾರ ನಡೆಸಿದರು. 2022ರ ಆಗಸ್ಟ್‌ನಲ್ಲಿ ಅಂಕಿ 50,000ಕ್ಕಿಂತಲೂ ಇಳಿಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ‘ಓಚೊ’ ಎಂಬ ನಾಗರಿಕ ವೇದಿಕೆ ಇನ್ನೊಂದು ಲೆಕ್ಕ ಮುಂದಿಟ್ಟಿತು: ಪ್ರವಾಸಿಗರಿಗಾಗಿ ಇರುವ ಹಾಸಿಗೆಗಳು 49,693, ನಿವಾಸಿಗಳು 49,304.

ಎಲ್ಲ ತಪ್ಪನ್ನೂ ಬಾಡಿಗೆ ಆ್ಯಪ್‌ಗಳ ಮೇಲೆ ಹೊರಿಸಿದರೆ ಅನ್ಯಾಯವಾಗುತ್ತದೆ. 1966ರ ಪ್ರವಾಹದ ನಂತರವೇ ನೆಲಮಹಡಿಯ ಕುಟುಂಬಗಳು ಹೊರಟಿದ್ದವು. ಕಾರ್ಖಾನೆ ಕೆಲಸ, ಕಾರು ನಿಲ್ಲಿಸುವ ಜಾಗ, ಲಿಫ್ಟ್ ಇರುವ ಮನೆ, ಎಲ್ಲವೂ ಸೇತುವೆಯಾಚೆ ಮುಖ್ಯಭೂಮಿಯ ಮೆಸ್ತ್ರೆಯಲ್ಲಿ ಸಿಗುತ್ತಿದ್ದವು. ಆದರೆ ಉಳಿದವರು ಉಳಿಯಲು ಮನೆಯೇ ಸಿಗದಂತೆ ಮಾಡಿದ್ದು ವಾರದ ಬಾಡಿಗೆ. ಇಟಲಿಯ 1998ರ ಕಾನೂನಿನ ಪ್ರಕಾರ ಸಾಮಾನ್ಯ ಬಾಡಿಗೆ ಕರಾರು ನಾಲ್ಕು ವರ್ಷದ್ದು, ಮತ್ತೆ ನಾಲ್ಕು ವರ್ಷ ಮುಂದುವರಿಯುವಂಥದ್ದು. ಅದು ಬಾಡಿಗೆದಾರನ ರಕ್ಷಣೆಗೆ ಮಾಡಿದ ಕಾನೂನು. ಮೂವತ್ತು ದಿನಕ್ಕಿಂತ ಕಡಿಮೆ ಅವಧಿಯ ಕರಾರಿಗೆ ನೋಂದಣಿಯೇ ಬೇಡ. ಎಂಟು ವರ್ಷ ಒಬ್ಬ ದಾದಿಗೋ ಶಿಕ್ಷಕನಿಗೋ ಮನೆ ಕೊಡುವುದಕ್ಕಿಂತ ವಾರಕ್ಕೊಬ್ಬ ಪ್ರವಾಸಿಗೆ ಕೊಡುವುದು ಓನರ್‌ಗೆ ಸುಲಭ, ಲಾಭವೂ ಹೆಚ್ಚು.

ಸರ್ಕಾರ ಕೈಕಟ್ಟಿ ಕೂತಿಲ್ಲ. 2022ರಲ್ಲಿ ಸಂಸತ್ತು ವೆನಿಸ್‌ಗೆಂದೇ ಒಂದು ತಿದ್ದುಪಡಿ ತಂದು, ಪ್ರವಾಸಿ ಬಾಡಿಗೆಯನ್ನು ವರ್ಷಕ್ಕೆ 120 ದಿನಕ್ಕೆ ಮಿತಿಗೊಳಿಸುವ ಅಧಿಕಾರವನ್ನು ನಗರಕ್ಕೆ ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಫ್ಲಾರೆನ್ಸ್ ತನ್ನ ಐತಿಹಾಸಿಕ ಕೇಂದ್ರದಲ್ಲಿ ಹೊಸ ಅಲ್ಪಾವಧಿ ಬಾಡಿಗೆಗಳನ್ನೇ ನಿಲ್ಲಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಏರ್‌ಬಿಎನ್‌ಬಿ ಕಂಪನಿ ಹಳೆಯ ತೆರಿಗೆ ವ್ಯಾಜ್ಯ ಇತ್ಯರ್ಥಕ್ಕೆ 57.6 ಕೋಟಿ ಯೂರೊ ಕಟ್ಟಲು ಒಪ್ಪಿತು. 2024ರಿಂದ ಒಂದಕ್ಕಿಂತ ಹೆಚ್ಚು ಮನೆಯನ್ನು ಹೀಗೆ ಕೊಡುವವರಿಗೆ ಬಾಡಿಗೆಯ ಮೇಲಿನ ತೆರಿಗೆ ಶೇ 21ರಿಂದ 26ಕ್ಕೇರಿತು. ಒಂದು ಮನೆಗೆ ಹಳೆಯ ದರವೇ.

ಬೀಗದಕೈಯ ಮೇಲೂ ಜಗಳ ನಡೆಯಿತು. ಎಷ್ಟೋ ಮನೆಗಳಲ್ಲಿ ಓನರ್ ಎದುರು ಬರುವುದೇ ಇಲ್ಲ. ಬೀದಿಯ ಕಂಬಿಗೆ ಕಟ್ಟಿದ ಪುಟ್ಟ ಪೆಟ್ಟಿಗೆಯ ಅಂಕಿ ತಿರುಗಿಸಿ ಅತಿಥಿಯೇ ಬೀಗದಕೈ ತೆಗೆದುಕೊಳ್ಳಬೇಕು. ಈ ಪೆಟ್ಟಿಗೆಗಳು ಇಟಲಿಯ ಹಳೆಯ ಬೀದಿಗಳ ತುಂಬ ತೂಗಾಡತೊಡಗಿದವು. ರೋಮ್‌ನಲ್ಲಿ ಕಾರ್ಯಕರ್ತರು ಅವನ್ನು ಕತ್ತರಿಸಿ, ಜಾಗದಲ್ಲಿ ರಾಬಿನ್ ಹುಡ್ ಟೋಪಿ ಬಿಟ್ಟುಹೋದರು. ಫ್ಲಾರೆನ್ಸ್‌ನಲ್ಲಿ ಕೆಂಪು ಟೇಪಿನಿಂದ ಕಾಟು ಹಾಕಿದರು. 2024ರ ನವೆಂಬರ್‌ನಲ್ಲಿ ಗೃಹ ಸಚಿವಾಲಯ ಅತಿಥಿಯ ಮುಖವನ್ನು ನೇರವಾಗಿ ನೋಡಿಯೇ ಗುರುತು ಖಚಿತಪಡಿಸಬೇಕೆಂದು ಸುತ್ತೋಲೆ ಹೊರಡಿಸಿತು. 2025ರ ಮೇ ತಿಂಗಳಲ್ಲಿ ರೋಮ್‌ನ ಆಡಳಿತ ನ್ಯಾಯಾಲಯ ಅದನ್ನು ರದ್ದುಮಾಡಿತು, ಆದರೆ ನವೆಂಬರ್‌ನಲ್ಲಿ ಮೇಲಿನ ನ್ಯಾಯಾಲಯ ಸುತ್ತೋಲೆಯನ್ನೇ ಎತ್ತಿಹಿಡಿಯಿತು.

ಕನ್ನಡದ ಪ್ರವಾಸಿ ಈ ಜಗಳದ ಹೊರಗಿಲ್ಲ. ಅವನ ಬುಕಿಂಗ್ ಕೂಡ ಒಂದು ಮತ. ಅದೇ ಕಟ್ಟಡದಲ್ಲಿ ವಾಸಿಸುತ್ತ, ತಮ್ಮ ಮನೆಯ ಒಂದು ಭಾಗವನ್ನೋ ಇರುವ ಇನ್ನೊಂದೇ ಮನೆಯನ್ನೋ ಕೊಡುವ ವೆನಿಸ್‌ನವರು ಈಗಲೂ ಇದ್ದಾರೆ. ಆ ಬಾಡಿಗೆಯಿಂದಲೇ ಅವರು ಊರು ಬಿಡದೆ ಉಳಿದಿರುವುದುಂಟು. ಒಂದೇ ಹೆಸರಿನಲ್ಲಿ ಹತ್ತಾರು ಮನೆ ಇಟ್ಟುಕೊಂಡು, ಕೀಲಿ ಪೆಟ್ಟಿಗೆಯಿಂದ ವ್ಯವಹಾರ ನಡೆಸುವವರೂ ಇದ್ದಾರೆ. ಜಾಹೀರಾತಿನಲ್ಲಿ ಓನರ್ ಹೆಸರಿನ ಮೇಲೆ ಒತ್ತಿ ನೋಡಿದರೆ ಅವರ ಬಳಿ ಎಷ್ಟು ಮನೆಗಳಿವೆ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ತನ್ನ ಕಮಿಷನ್‌ನ ಅರ್ಧವನ್ನು ಸ್ಥಳೀಯ ಕೆಲಸಗಳಿಗೆ ಕೊಡುವ ‘ಫೇರ್‌ಬಿಎನ್‌ಬಿ’ ಎಂಬ ಸಹಕಾರಿ ಜಾಲವೂ ಇದೆ. ಎರಡು ನಿಮಿಷದ ಈ ಹುಡುಕಾಟವನ್ನು ಮಾಡದೆ ಮನೆ ಹಿಡಿಯಬಾರದು.

ವಿಜಯನಗರದಲ್ಲಿ ಏಳು ತಿಂಗಳು
ವೆನಿಸ್‌ನ ವರ್ತಕ ಚೆಸಾರೆ ಫೆದೆರೀಚಿ 1567ರಲ್ಲಿ ವಿಜಯನಗರಕ್ಕೆ ಬಂದಿದ್ದ. ತಾಳಿಕೋಟೆ ಯುದ್ಧ ನಡೆದು ಎರಡೇ ವರ್ಷವಾಗಿತ್ತು. ತಿಂಗಳಲ್ಲಿ ಮುಗಿಯುವ ವ್ಯವಹಾರಕ್ಕೆ ಬಂದವನು, ದಾರಿಯಲ್ಲಿ ಕಳ್ಳರ ಕಾಟವಿದ್ದುದರಿಂದ ಏಳು ತಿಂಗಳು ಅಲ್ಲೇ ತಂಗಬೇಕಾಯಿತು. ಮನೆಗಳು ಇನ್ನೂ ನಿಂತಿವೆ, ಆದರೆ ಒಳಗೆ ಜನರಿಲ್ಲ ಎಂಬುದು ಅವನು ದಾಖಲಿಸಿದ ದೃಶ್ಯ. ಅವನ ಪ್ರವಾಸಕಥನ 1587ರಲ್ಲಿ ವೆನಿಸ್‌ನಲ್ಲೇ ಅಚ್ಚಾಯಿತು. ಅವನಿಗಿಂತ ಸುಮಾರು ನೂರೈವತ್ತು ವರ್ಷ ಮೊದಲು ತುಂಬಿ ತುಳುಕುತ್ತಿದ್ದ ವಿಜಯನಗರವನ್ನು ಕಂಡುಹೋದ ನಿಕೊಲೊ ದೆ ಕೊಂತಿ ಕೂಡ ಇದೇ ಲಗೂನ್‌ನ ಕಿಯೋಜ್ಜ ಪಟ್ಟಣದವನು.

ಸಂಜೆ ನಾಲ್ಕರ ಮೇಲೆ ಹಗಲಿನ ಪ್ರವಾಸಿಗರು ರೈಲು, ಬಸ್ಸು, ಹಡಗುಗಳತ್ತ ಹೊರಡುತ್ತಾರೆ. ಆಮೇಲೆ ಊರು ಉಸಿರು ಬಿಡುತ್ತದೆ. ಕಸ್ತೆಲ್ಲೊದ ಗರಿಬಾಲ್ದಿ ಬೀದಿಯಲ್ಲಿ ಮುದುಕರು ಬೆಂಚಿಗೆ ಬರುತ್ತಾರೆ. ಗಲ್ಲಿಯ ಆಚೀಚೆ ಕಟ್ಟಿದ ಹಗ್ಗದ ಮೇಲೆ ಅಂಗಿಗಳು ಒಣಗುತ್ತಿರುತ್ತವೆ. ಕಾಂಪೊದಲ್ಲಿ ಮಕ್ಕಳು ಚೆಂಡನ್ನು ಬಾವಿಕಟ್ಟೆಗೆ ಒದ್ದು ಗೋಲೆಂದು ಕೂಗುತ್ತಾರೆ. ಬಾಡಿಗೆ ಮನೆಯ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತವರಿಗೆ ಈ ಹೊತ್ತೇ ಪ್ರವಾಸದ ಗಳಿಕೆ. ಅರಮನೆಗಳ ಚಿತ್ರ ಮೊಬೈಲಿನಲ್ಲಿ ಉಳಿಯುತ್ತದೆ. ಆ ಚೆಂಡಿನ ಸದ್ದು ಮನಸ್ಸಿನಲ್ಲಿ.

ಕೊನೆಯ ಬೆಳಗ್ಗೆ. ತಟ್ಟೆಗಳು ತಳವಿಲ್ಲದ ಕಪಾಟಿನಲ್ಲಿ ಒಣಗುತ್ತಿವೆ, ಹಾಸಿಗೆಯ ಬಟ್ಟೆ ಗಂಟು ಕಟ್ಟಿ ಇಟ್ಟಾಗಿದೆ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಕಸದ ಚೀಲ. ಮೆಟ್ಟಿಲಿಳಿದು ದೋಣಿಯವನಿಗೆ ಚೀಲ ಕೊಟ್ಟು ತಿರುಗಿದರೆ ಬಾಗಿಲ ಪಕ್ಕದ ಹಿತ್ತಾಳೆಯ ಗಂಟೆಗುಂಡಿಗಳು ಬೆಳಗಿನ ಬಿಸಿಲಿಗೆ ಮಿನುಗುತ್ತವೆ. ಬಂದ ದಿನ ಅವಸರದಲ್ಲಿ ನೋಡಿರಲಿಲ್ಲ. ಕೆಲವದರ ಪಕ್ಕ ಮನೆತನದ ಹೆಸರಿದೆ. ಕೆಲವದರ ಪಕ್ಕ ಹೆಸರಿಲ್ಲ, ಅಕ್ಷರ ಅಂಕಿ ಬೆರೆತ ಸಂಕೇತ ಮಾತ್ರ ಇದೆ. ವಪೊರೆತ್ತೊ ಬರಲು ಇನ್ನೂ ಹತ್ತು ನಿಮಿಷವಿದೆ. ಮಕ್ಕಳು ಒಂದೊಂದಾಗಿ ಬೆರಳಿಟ್ಟು ಹೆಸರುಗಳನ್ನು ಎಣಿಸತೊಡಗುತ್ತಾರೆ.